ಹೊಲದ ಮರ ಮತ್ತು ಅದರ ಒಡೆತನ

ಹೊಲವೆಂದರೆ ಬೆಳೆ, ಕಾಡೆಂದರೆ ಮರ ಎಂಬ ವಿಭಾಗವು ಸರಕಾರದ ಕಡತಗಳಿಗೆ ಸಹಜವಾದುದೇ ಹೊರತು ರೈತನ ಬಾಳಿಗಲ್ಲ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ಬೇವು, ಹೊಂಗೆ, ಹುಣಸೆ, ಬನ್ನಿ, ಜಾಲಿ ಮರಗಳು ಹೊಲದ ಬದುಗಳ ಮೇಲೆ ತಲೆತಲಾಂತರದಿಂದ ನಿಂತಿವೆ. ಒಕ್ಕಲುತನದ ಉಪಕರಣಗಳಿಗೆ ಮರಮುಟ್ಟು, ಒಲೆಗೆ ಸೌದೆ, ದನಕರುಗಳಿಗೆ ನೆರಳು ಇವುಗಳಿಂದಲೇ ದೊರೆಯುತ್ತ ಬಂದಿವೆ. ಬೆಳೆಯನ್ನೂ ಮರವನ್ನೂ ಒಂದೇ ನೆಲದಲ್ಲಿ ಪೋಷಿಸುವ ಈ ಪದ್ಧತಿಯನ್ನೇ ಇಂದಿನ ಶಾಸ್ತ್ರಜ್ಞರು ಕೃಷಿ ಅರಣ್ಯವೆಂದು ಕರೆಯುತ್ತಾರೆ.

ಇದರ ಉಪಕಾರವು ಮೂರು ಬಗೆಯದು. ಮೊದಲನೆಯದು ಮಣ್ಣಿಗೆ ಆಗುವಂಥದು. ಮರದ ಬೇರುಗಳು ಬದುವನ್ನು ಬಿಗಿಹಿಡಿದು ಮಣ್ಣಿನ ಸವಕಳಿಯನ್ನು ತಡೆಯುತ್ತವೆ. ಹೊಂಗೆಯು ತನ್ನ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಅದರ ಸೊಪ್ಪು ಉತ್ತಮ ಹಸಿರೆಲೆ ಗೊಬ್ಬರ. ಎರಡನೆಯದು ಬೆಳೆಗೆ: ಸಾಲುಮರಗಳು ಬಿಸಿಗಾಳಿಯ ವೇಗವನ್ನು ಕುಗ್ಗಿಸಿ ನೆಲದ ತೇವವನ್ನು ಕಾಯುತ್ತವೆ. ಮೂರನೆಯದು ಮನೆಗೆ: ಮಳೆ ತಪ್ಪಿ ರಾಗಿ, ಜೋಳಗಳು ಒಣಗಿದ ವರ್ಷವೂ ಆಳಕ್ಕೆ ಬೇರಿಳಿಸಿದ ಹುಣಸೆಯು ಕಾಯಿ ಬಿಡಬಲ್ಲದು. ಎರಡೆಕರೆಯ ರೈತನಿಗೆ ಅದೇ ಆಪತ್ಕಾಲದ ಗಂಟು.

ಹಾಗೆಂದು ಯಾವ ಮರವಾದರೂ ಆದೀತೆಂದು ತಿಳಿಯಲಾಗದು. ಮರವು ಬೆಳಕಿಗೂ ನೀರಿಗೂ ಬೆಳೆಯೊಡನೆ ಪೈಪೋಟಿ ನಡೆಸುತ್ತದೆ. 1980ರ ದಶಕದಲ್ಲಿ ಕೋಲಾರ ಜಿಲ್ಲೆಯ ಅನೇಕ ರಾಗಿ ಹೊಲಗಳು ನೀಲಗಿರಿ ತೋಪುಗಳಾದುವು. ಒಡೆಯನಿಗೆ ಹಣ ಬಂದಿತು. ಆದರೆ ಆ ಹೊಲಗಳ ಕಾಳು, ಮೇವು, ಕೂಲಿಕಾರರ ದುಡಿಮೆ ಇಲ್ಲವಾದುವು. ಬೆಳೆಯನ್ನು ಹೊರದೂಡುವ ತೋಪು ಕೃಷಿ ಅರಣ್ಯವಲ್ಲ. ಮರದ ಆಯ್ಕೆ, ಅಂತರ, ಕಾಲಕಾಲಕ್ಕೆ ಕೊಂಬೆ ಸವರುವ ಜಾಣ್ಮೆ ಇವೇ ಈ ವಿದ್ಯೆಯ ತಿರುಳು.

ಆಫ್ರಿಕದ ನೈಜರ್ ದೇಶವು ಈ ವಿಷಯದಲ್ಲಿ ದೊಡ್ಡ ಪಾಠವನ್ನು ಕಲಿಸಿದೆ. ಅಲ್ಲಿಯ ಮರಾಡಿ ಸೀಮೆಯಲ್ಲಿ ಸಸಿ ನೆಡುವ ಯತ್ನಗಳು ಮತ್ತೆ ಮತ್ತೆ ವಿಫಲವಾಗಿದ್ದುವು. 1983ರಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯದ ಕೃಷಿತಜ್ಞರು, ಬರಡು ನೆಲದ ಪೊದೆಗಳೆಂದು ಕಾಣುತ್ತಿದ್ದುವು ವಾಸ್ತವವಾಗಿ ಕಡಿದ ಮರಗಳ ಬುಡದಿಂದ ಒಡೆದ ಚಿಗುರುಗಳೆಂಬುದನ್ನು ಗುರುತಿಸಿದರು. ಕೆಲವೇ ಚಿಗುರುಗಳನ್ನುಳಿಸಿ ಮಿಕ್ಕುವನ್ನು ಸವರಿದರೆ, ನೆಲದೊಳಗೆ ಮೊದಲೇ ಇದ್ದ ಬೇರಿನ ಬಲದಿಂದ ಮರವು ಬೇಗನೆ ಎದ್ದು ನಿಲ್ಲುತ್ತದೆ. ಎರಡು ದಶಕಗಳಲ್ಲಿ ಆ ದೇಶದ ರೈತರು ಸುಮಾರು 50 ಲಕ್ಷ ಹೆಕ್ಟೇರು ಹೊಲಗಳಲ್ಲಿ ಹೀಗೆ ಮರಗಳನ್ನು ಮರಳಿ ಪಡೆದರು. ಫ್ರೆಂಚರ ಕಾಲದಿಂದ ಅಲ್ಲಿ ಮರವು ಸರಕಾರದ ಸ್ವತ್ತಾಗಿತ್ತು. ಆ ಬಿಗಿ ಸಡಿಲಿ, ಕಾಪಾಡಿದವನಿಗೇ ಮರದ ಫಲವೆಂಬ ನಂಬುಗೆ ಹುಟ್ಟಿದ ಮೇಲೆ ಈ ಕಾರ್ಯ ವ್ಯಾಪಿಸಿತು.

ಕನ್ನಡ ನಾಡಿನ ಶ್ರೀಗಂಧವೂ ಇದೇ ಮಾತಿಗೆ ಸಾಕ್ಷಿ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಮುಂದೆಯೂ ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರ ರೈತನದಾಗಿರಲಿಲ್ಲ. ತನ್ನದಲ್ಲದುದರ ಕಾವಲನ್ನು ಯಾರು ತಾನೇ ಮನಸಾರೆ ಮಾಡಿಯಾರು? 2001ರ ಕಾನೂನು ತಿದ್ದುಪಡಿಯಿಂದ ಭೂಮಿಯ ಒಡೆಯನೇ ಗಂಧದ ಒಡೆಯನಾದನು. ನೆರೆಯ ಗಿಡದ ಬೇರಿನಿಂದ ಸಾರ ಹೀರಿ ಬೆಳೆಯುವ ಗಂಧಕ್ಕೆ ಆಸರೆಯಾಗಿ ತೊಗರಿಯನ್ನು ಬಿತ್ತುವ ರೂಢಿ ಬಂದಿತು. ಕಳ್ಳರ ಭಯ ಮಾತ್ರ ಇನ್ನೂ ತೊಲಗಿಲ್ಲ.

2011-12ರಲ್ಲಿ ಆರಂಭವಾದ ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ ಪ್ರೋತ್ಸಾಹಧನವನ್ನು ಗೊತ್ತುಮಾಡಿತು. 2014ರಲ್ಲಿ ಭಾರತವು ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಅಂಗೀಕರಿಸಿ, ಹೊಲದ ಮರದ ಕಡಿತ ಮತ್ತು ಸಾಗಾಟದ ಕಟ್ಟಳೆಗಳನ್ನು ಸರಳಗೊಳಿಸಬೇಕೆಂದು ಹೇಳಿತು. ಇವೆರಡೂ ಸರಿಯಾದ ಹೆಜ್ಜೆಗಳು. ನೆಡುವುದು ಒಂದು ದಿನದ ಉತ್ಸವ. ಉಳಿಸುವುದು ಹಲವು ಬೇಸಗೆಗಳ ದುಡಿಮೆ. ಆ ದುಡಿಮೆಯ ಫಲ ದುಡಿದವನಿಗೇ ಸಲ್ಲುವುದಾದರೆ ಬದುವಿನ ಮರ ತಾನಾಗಿಯೇ ಉಳಿಯುತ್ತದೆ. ಅದರೊಡನೆ ಊರೂ ಉಳಿಯುತ್ತದೆ.