ಅಜ್ಜನ ನೆನಪು, ಮೊಮ್ಮಗನ ಪ್ರಶ್ನೆ



ಭಾನುವಾರದ ಪೂಜೆಗೆ ಒಂದೇ ಬೆಂಚಿನಲ್ಲಿ ಕುಳಿತ ಅಜ್ಜಿ, ಮಗ, ಮೊಮ್ಮಗನನ್ನು ನೋಡಿ. ವಿಶ್ವಾಸ ಒಂದೇ, ನೆನಪುಗಳು ಬೇರೆ ಬೇರೆ. ತಲೆಮಾರು ಎಂದರೆ ಒಂದೇ ಕಾಲದಲ್ಲಿ ಹುಟ್ಟಿದವರಷ್ಟೇ ಅಲ್ಲ, ಎಳೆಯ ವಯಸ್ಸಿನಲ್ಲಿ ಒಂದೇ ದೊಡ್ಡ ಘಟನೆಯನ್ನು ಕೂಡಿ ಅನುಭವಿಸಿದವರು ಎಂಬರ್ಥದಲ್ಲಿ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಬರೆದಿದ್ದಾರೆ. ಸೆಮಿನರಿಯಲ್ಲಿ ಓದುವಾಗ ನನಗೆ ಅದು ಬರೀ ಪರೀಕ್ಷೆಯ ಉತ್ತರವಾಗಿತ್ತು. ಧರ್ಮಕೇಂದ್ರಕ್ಕೆ ಬಂದ ಮೇಲೆ ಅರ್ಥವಾಯಿತು.

ಎಂಬತ್ತು ದಾಟಿದ ಹಿರಿಯರನ್ನು ಕೇಳಿ. ಗುರುಗಳು ಬಲಿಪೀಠದ ಕಡೆ ಮುಖಮಾಡಿ ಲತೀನ್ ಭಾಷೆಯಲ್ಲಿ ಪೂಜೆ ಅರ್ಪಿಸುತ್ತಿದ್ದರು. ಹಿಂದೆ ಜನ ತಮ್ಮಷ್ಟಕ್ಕೆ ಜಪಸರ ಹೇಳುತ್ತಿದ್ದರು. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯಿಂದಾಗಿ ಪೂಜೆ ತಾಯ್ನುಡಿಗೆ ಬಂತು. ಕೆಲವರು ಹಿಗ್ಗಿದರು, ಕೆಲವರು ಏನನ್ನೋ ಕಳೆದುಕೊಂಡಂತೆ ಮಂಕಾದರು. ಹಾಗೆ ಮಂಕಾದವರ ಮಾತನ್ನು ನಾವು ಗುರುಗಳು ಸಾಕಷ್ಟು ಕೇಳಿಸಿಕೊಳ್ಳಲಿಲ್ಲ ಎಂದೇ ನನ್ನ ಅನಿಸಿಕೆ. ಅವರ ಮಕ್ಕಳಿಗೆ 1986ರ ಫೆಬ್ರವರಿ 6 ನೆನಪು. ಅಂದು ಪೋಪ್ ಎರಡನೆಯ ಜಾನ್ ಪಾಲರು ಮಂಗಳೂರಿಗೆ ಬಂದಿದ್ದರು.

ಮೊಮ್ಮಕ್ಕಳ ನೆನಪಿನಲ್ಲಿರುವುದು ಬೀಗ ಹಾಕಿದ ದೇವಾಲಯ. 2020ರ ಪವಿತ್ರ ವಾರಕ್ಕೆ ಮುಂಚೆ, ಮಾರ್ಚ್ 27ರಂದು, ಮಳೆಯಲ್ಲಿ ಬರಿದಾಗಿದ್ದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದ್ದನ್ನು ಅವರು ಟಿವಿಯಲ್ಲಿ, ಮೊಬೈಲಿನಲ್ಲಿ ಕಂಡರು.

ಧರ್ಮೋಪದೇಶ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ: "ಫಾದರ್, ನಮ್ಮಜ್ಜನ ಮಣ್ಣಿಗೆ ಯಾರೂ ಯಾಕೆ ಬರಲಿಲ್ಲ? ಅಜ್ಜ ಏನು ತಪ್ಪು ಮಾಡಿದ್ರು?" ಸೋಂಕಿನ ಭಯ, ಆಗಿನ ಸರ್ಕಾರಿ ನಿಯಮ, ಇದನ್ನೆಲ್ಲ ಮನೆಯಲ್ಲಿ ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಮಾತೆತ್ತಿದರೆ ಅಳು ಬರುತ್ತದೆಂದು ದೊಡ್ಡವರು ಸುಮ್ಮನಿದ್ದರು. ಹುಡುಗ ತನಗೆ ತೋಚಿದ ಉತ್ತರ ಕಟ್ಟಿಕೊಂಡಿದ್ದ.

ಇಂಥ ಮೌನದ ಅಪಾಯ ಶ್ರೀಗ್ರಂಥಕ್ಕೆ ಗೊತ್ತು. ಯೆಹೋಶುವನ ಗ್ರಂಥದ 4ನೇ ಅಧ್ಯಾಯ ತೆಗೆದು ಓದಿ. ಜೋರ್ಡನ್ ದಾಟಿದ ಇಸ್ರಯೇಲರು ನದಿಯ ನಡುವಿನಿಂದ 12 ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಏಕೆ? ಮುಂದೆ ಮಕ್ಕಳು ಅವೇನೆಂದು ಕೇಳಲಿ, ತಂದೆಯರು ಹೇಳಲಿ ಎಂದು. ಆದರೂ ನ್ಯಾಯಸ್ಥಾಪಕರ ಗ್ರಂಥದ 2ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸರ್ವೇಶ್ವರ ಸ್ವಾಮಿಯನ್ನಾಗಲಿ, ಅವರು ಮಾಡಿದ ಕಾರ್ಯಗಳನ್ನಾಗಲಿ ಅರಿಯದ ತಲೆಮಾರು ಬಂದಿತ್ತು. ಕಲ್ಲುಗಳು ಇದ್ದವು, ಹೇಳುವವರು ಇರಲಿಲ್ಲವೇನೋ.

ಆ ಹುಡುಗನ ತಂದೆಯನ್ನು ಕರೆಸಿ ಮಾತನಾಡಿದೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅಪ್ಪ, ಮಗ ಇಬ್ಬರೂ ಅಜ್ಜನ ಸಮಾಧಿಯ ಬಳಿ ಬಹಳ ಹೊತ್ತು ಕುಳಿತಿದ್ದರು. ನಾನು ಹತ್ತಿರ ಹೋಗಲಿಲ್ಲ.