ಕ್ಯಾಲಿಪರ್‌ಗೆ ಕೆಂಪು ಬಳಿಯುವ ಮುನ್ನ

ಕ್ಯಾಲಿಪರ್‌ಗೆ ಕೆಂಪು ಬಳಿಯಬೇಕೆಂಬ ನಿನ್ನ ಆಸೆಗೆ ನನ್ನ ಅಡ್ಡಿ ಏನೂ ಇಲ್ಲ ಮಾರಾಯ. ಸೆಕೆಂಡ್ ಹ್ಯಾಂಡ್ ಸಿವಿಕ್ ಆದರೇನು, ನಿನ್ನದೇ ದುಡ್ಡಿನ ಮೊದಲ ಕಾರು. ಹೊಸ ಅಲಾಯ್ ವೀಲಿನ ಸಂದಿಯಿಂದ ತುಕ್ಕು ಹಿಡಿದ ಕಬ್ಬಿಣ ಇಣುಕಿದರೆ ಯಾರಿಗಾದರೂ ಕಿರಿಕಿರಿಯೇ. ಆದರೆ ಡಬ್ಬಿ ಎತ್ತಿ ಅದರ ಮೇಲೆ ಬರೆದ ಡಿಗ್ರಿಯನ್ನಷ್ಟೇ ನೋಡಿ ಬಣ್ಣ ಆರಿಸಬೇಡ.

ನಾಲ್ಕುನೂರೈವತ್ತು ಡಿಗ್ರಿ ತಡೆಯುತ್ತದೆ ಅಂತ ಬರೆದಿರುತ್ತಾರೆ, ಸುಳ್ಳಲ್ಲ. ಅಷ್ಟು ಬಿಸಿ ನಿನ್ನ ಕ್ಯಾಲಿಪರ್‌ಗೆ ಬರುವುದೇ ಇಲ್ಲ. ನಿಜವಾಗಿ ಕಾಯುವುದು ಡಿಸ್ಕ್. ಕ್ಯಾಲಿಪರ್ ಒಳಗೆ ಬ್ರೇಕ್ ಆಯಿಲ್ ಇದೆಯಲ್ಲ, ಡಾಟ್ 4 ಆದರೆ ಹೊಸದಿರುವಾಗ ಕನಿಷ್ಠ 230 ಡಿಗ್ರಿ ತನಕ ಕುದಿಯದೆ ನಿಲ್ಲಬೇಕು. ತೇವ ಹೀರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಕ್ಯಾಲಿಪರ್ ನಾಲ್ಕುನೂರು ಮುಟ್ಟುವ ಹೊತ್ತಿಗೆ ಆಯಿಲ್ ಯಾವತ್ತೋ ಕುದ್ದು ಪೆಡಲ್ ನೆಲಕ್ಕೆ ಹೋಗಿರುತ್ತದೆ, ಆಗ ಬಣ್ಣದ ಯೋಚನೆ ಯಾರಿಗೆ? ಇತ್ತಿಹಾದ್ ರೋಡಿನ ಜಾಮಿನಲ್ಲಿ ಅಂಥದ್ದೇನೂ ಆಗುವುದಿಲ್ಲ. ಜಬಲ್ ಜೈಸ್‌ನಿಂದಲೋ ಜಬಲ್ ಹಫೀತ್‌ನಿಂದಲೋ ಇಳಿಯುವಾಗ ಮಾತ್ರ ಜಾಗ್ರತೆ: ಆಗುಂಬೆ ಘಾಟಿಯಲ್ಲಿ ನಮ್ಮ ಬಸ್ಸಿನವರು ಮಾಡುವ ಹಾಗೆ ಗೇರಿನಲ್ಲೇ ಇಳಿಸು.

ಇಲ್ಲಿ ಬಣ್ಣ ಹಾಳಾಗುವ ಕಾರಣಗಳೇ ಬೇರೆ. ಒಂದು, ಬ್ರೇಕ್ ಆಯಿಲ್. ಒಂದು ಹನಿ ಬಿದ್ದರೆ ಸಾಮಾನ್ಯ ಪೇಂಟ್ ಮೆತ್ತಗಾಗಿ ಎದ್ದು ಬರುತ್ತದೆ. ಇನ್ನೊಂದು, ರಿಮ್ ತೊಳೆಯುವ ಖಾರದ ಕೆಮಿಕಲ್. ವಾಶಿಂಗ್‌ನವರು ಅದನ್ನು ಧಾರಾಳವಾಗಿ ಹೊಡೆಯುತ್ತಾರೆ. ಜೊತೆಗೆ ಮರಳು, ಮಮ್ಜರ್ ಕಡೆಯಿಂದ ಬರುವ ಉಪ್ಪುಗಾಳಿ. ಹಾಗಾಗಿ ನೀನು ನೋಡಬೇಕಾದದ್ದು ಬಿಸಿಯ ಅಂಕಿಯಲ್ಲ, ಆಯಿಲ್, ಕೆಮಿಕಲ್ ತಡೆಯುವ ಗುಣ.

ಆ ಗುಣ ಇರುವುದು ಹಾರ್ಡನರ್ ಬೆರೆಸಿ ಬ್ರಷ್‌ನಲ್ಲಿ ಬಳಿಯುವ ಎರಡು ಡಬ್ಬಿಯ ಎಪಾಕ್ಸಿಯಲ್ಲಿ. ನನ್ನ ಓಟು ಅದಕ್ಕೇ. ಬೆರೆಸಿದ ಮೇಲೆ ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿಬಿಡುತ್ತದೆ, ಆದ್ದರಿಂದ ನಾಲ್ಕೂ ಚಕ್ರಕ್ಕೆ ಒಂದೇ ಸಲ ಕಲಸಬೇಡ. ಸ್ಪ್ರೇ ಕ್ಯಾನ್ ಅಗ್ಗ, ಸುಲಭ; ಆದರೆ ಹೆಚ್ಚು ಬಿಸಿ ತಡೆಯುವ ಸ್ಪ್ರೇಗಳಲ್ಲಿ ಹಲವು ಬಿಸಿಯಲ್ಲಿ ಬೆಂದ ಮೇಲಷ್ಟೇ ಗಟ್ಟಿಯಾಗುವಂಥವು. ಊರೊಳಗಿನ ಓಡಾಟದಲ್ಲಿ ಅವು ಪೂರ್ತಿ ಬೇಯುವುದೇ ಕಷ್ಟ.

ಕಲ್ಲೇಟಿಗೆ ಪೌಡರ್ ಕೋಟಿಂಗ್ ಗಟ್ಟಿ, ಒಪ್ಪುತ್ತೇನೆ. ಅದನ್ನು ಒಲೆಯಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸಬೇಕು. ಅಂದರೆ ಪಿಸ್ಟನ್, ರಬ್ಬರ್ ಸೀಲು, ಬೂಟು ಎಲ್ಲ ಬಿಚ್ಚಬೇಕು, ಹೊಸ ಸೀಲ್ ಕಿಟ್ ಹಾಕಬೇಕು, ಕೊನೆಗೆ ಲೈನಿನ ಗಾಳಿ ತೆಗೆಯಬೇಕು. ಬೋಲ್ಟ್ ಕೂರುವ ಮುಖಕ್ಕೆ ದಪ್ಪ ಕೋಟಿಂಗ್ ಹತ್ತಿದರೆ ಬಿಗಿ ನಿಲ್ಲುವುದಿಲ್ಲ. ಕುಸೈಸ್ ಇಂಡಸ್ಟ್ರಿಯಲ್ ಏರಿಯಾದಲ್ಲೋ ಶಾರ್ಜಾದಲ್ಲೋ ಯಾರಾದರೂ "ಬಿಚ್ಚದೇ ಮಾಡಿಕೊಡುತ್ತೇನೆ" ಅಂದರೆ ಚಾ ಕುಡಿದು ಎದ್ದು ಬಾ. ಹೇಗೂ ಕ್ಯಾಲಿಪರ್ ರಿಪೇರಿಗೆ ಬಂದಿದ್ದರೆ ಮಾತ್ರ ಈ ಖರ್ಚು ಮಾಡು.

ಯಾವ ಬಣ್ಣವಾದರೂ ನಿಲ್ಲುವುದು ಕೆಳಗಿನ ಲೋಹ ಶುದ್ಧವಾಗಿದ್ದರೆ. ತಂತಿ ಬ್ರಷ್‌ನಲ್ಲಿ ತುಕ್ಕು ಕೆರೆ, ಎಮರಿ ಪೇಪರಿನಲ್ಲಿ ಒರಟು ಮಾಡು, ಬ್ರೇಕ್ ಕ್ಲೀನರ್ ಹೊಡೆದು ಒರೆಸು; ಬಿಳಿ ಬಟ್ಟೆ ಬಿಳಿಯಾಗಿಯೇ ವಾಪಸ್ ಬರುವ ತನಕ ಒರೆಸು. ಆಮೇಲೆ ಕೈ ತಾಗಿಸಬೇಡ. ಬಳಿಯುವ ಸಮಯಕ್ಕಿಂತ ಈ ಕೆಲಸದ ಸಮಯ ಹೆಚ್ಚಾಗಲೇಬೇಕು. ಬ್ಲೀಡ್ ನಿಪ್ಪಲ್, ರಬ್ಬರ್ ಬೂಟು, ಪ್ಯಾಡ್ ಜಾರುವ ಜಾಗ, ಚಕ್ರ ಕೂರುವ ಮುಖ, ಇವಕ್ಕೆಲ್ಲ ಟೇಪ್ ಸುತ್ತು. ಪ್ಯಾಡ್ ಜಾರುವಲ್ಲಿ ಬಣ್ಣ ಕಟ್ಟಿಕೊಂಡರೆ ಪ್ಯಾಡ್ ಸಿಕ್ಕಿಕೊಂಡು ಬ್ರೇಕ್ ಎಳೆಯುತ್ತಲೇ ಇರುತ್ತದೆ. ಕ್ಯಾಲಿಪರ್ ಬಿಚ್ಚಿದರೆ ಹೋಸ್‌ನಲ್ಲಿ ಜೋತುಬಿಡಬೇಡ, ತಂತಿಯಲ್ಲಿ ಕಟ್ಟು. ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಲೇಬೇಡ, ಸ್ಟ್ಯಾಂಡ್ ಕೊಡು.

ಈಗ ಜುಲೈಯಲ್ಲಿ ಹೊರಡಬೇಡ ಮಾರಾಯ. ಹಗಲು ಲೋಹ ಕಾದಿರುತ್ತದೆ, ಬಣ್ಣ ಹರಡುವ ಮೊದಲೇ ಎಳೆದುಕೊಂಡು ಬ್ರಷ್ ಗೆರೆ ಉಳಿಯುತ್ತದೆ. ರಾತ್ರಿ ಗಾಳಿಯ ತೇವಕ್ಕೆ ಎಪಾಕ್ಸಿಯ ಮೇಲೆ ಮಂಕು ಕಟ್ಟುತ್ತದೆ. ಡಿಸೆಂಬರ್ ಆಗಲಿ. ನಹ್ದಾದ ಬಯಲು ಪಾರ್ಕಿಂಗ್ ಕೂಡ ಬೇಡ, ಧೂಳು ಹಸಿ ಬಣ್ಣಕ್ಕೆ ಅಂಟಿದರೆ ಮತ್ತೆ ಕೆರೆಯಬೇಕು. ಗೊತ್ತಿರುವ ಗ್ಯಾರೇಜಿನವರನ್ನು ಕೇಳಿ ಒಂದು ಮೂಲೆ ಹಿಡಿ.

ಕೆಂಪೇ ಇರಲಿ. ನನ್ನನ್ನು ಕೇಳಿದರೆ ಕಡು ಬೂದು. ಪ್ಯಾಡಿನ ಧೂಳು ಅದರಲ್ಲಿ ಕಾಣುವುದಿಲ್ಲ, ಪದೇ ಪದೇ ತೊಳೆಯುವ ಕೆಲಸವೂ ತಪ್ಪುತ್ತದೆ. ಹಳದಿ ಬೇಡವೇ ಬೇಡ, ಪೋರ್ಷೆಯವರು ಸೆರಾಮಿಕ್ ಬ್ರೇಕಿಗೆ ಕೊಡುವ ಬಣ್ಣ ಅದು. ಮತ್ತೆ ಒಂಟಿ ಪಿಸ್ಟನ್ನಿನ ಕ್ಯಾಲಿಪರ್ ಮೇಲೆ ಬ್ರೆಂಬೊ ಸ್ಟಿಕರ್ ಅಂಟಿಸಿಕೊಂಡು ನಮ್ಮ ಬಿಲ್ಡಿಂಗ್ ಕೆಳಗೆ ನಿಲ್ಲಿಸಬೇಡ, ಆ ಕಾರು ನಿನ್ನದೆಂದು ನನಗೆ ಗೊತ್ತೇ ಇಲ್ಲ ಅನ್ನುತ್ತೇನೆ.

ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಒಣಗಲು ಬಿಡು. ಚಕ್ರ ಹಾಕಿ ಸ್ಟಾರ್ಟ್ ಮಾಡಿದ ಕೂಡಲೇ ಹೊರಡಬೇಡ, ನಿಂತಲ್ಲೇ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿದೆಯೋ ನೋಡು.