ಮಷಿನ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಡಾಕ್ಟ್ರೇ!

ಮಳೆಗಾಲ ಶುರುವಾದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಜ್ವರ, ಕೆಮ್ಮಿನ ಜತೆಗೆ ಗ್ಯಾರೇಜು, ಲೇತ್ ಶಾಪು, ಫ್ಯಾಬ್ರಿಕೇಷನ್ ಶೆಡ್ಡುಗಳಿಂದ ಕರೆಂಟಿನ ಪ್ರಶ್ನೆಗಳೂ ಬರುತ್ತವೆ. ಈ ಸಲ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕೇಳಿದವರ ಹೆಸರು ಬೇಡ, ಊರು ಸಾಕು.

ಪ್ರಶ್ನೆ: ನನಗೆ 34 ವರ್ಷ. ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ನಮ್ಮ ಹಳೆಯ ಪಿಲ್ಲರ್ ಡ್ರಿಲ್ ಮಷಿನ್ ಮುಟ್ಟಿದಾಗಲೆಲ್ಲ ಜುಮ್ಮೆನ್ನುತ್ತದೆ. ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ. ದಿನಾ ಹೀಗೆ ಸಣ್ಣ ಸಣ್ಣ ಶಾಕ್ ಹೊಡೆಸಿಕೊಂಡರೆ ಹಾರ್ಟಿಗೆ ತೊಂದರೆ ಆಗುತ್ತದೆಯೇ? ಇಸಿಜಿ ಮಾಡಿಸಬೇಕೇ?
– ಪೀಣ್ಯ, ಬೆಂಗಳೂರು

ಉತ್ತರ: ಶಾಕ್ ಎನ್ನುವುದು ಮೈಯೊಳಗೆ ಸೇರಿಕೊಂಡು ದಿನೇ ದಿನೇ ಕೂಡುತ್ತಾ ಹೋಗುವ ವಿಷವಲ್ಲ. ನಿನ್ನೆ ಜುಮ್ಮೆಂದಿದ್ದು ಇವತ್ತು ಹೃದಯದಲ್ಲಿ ಉಳಿದಿರುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ಇಸಿಜಿ ಮಾಡಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ತುರ್ತಾಗಿ ಪರೀಕ್ಷೆ ಆಗಬೇಕಾಗಿರುವುದು ಆ ಮಷಿನ್ನಿಗೆ.

ಯಾಕೆ ಅಂತ ಹೇಳುತ್ತೇನೆ. ಮೈಯಲ್ಲಿ 1 ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ, ಅಷ್ಟೇ. 10ರಿಂದ 16 ಮಿಲಿಆಂಪಿಯರ್ ಆಯಿತೆಂದರೆ ಹಿಡಿದ ಕೈ ಬಿಡಲು ಬರುವುದಿಲ್ಲ. ಬೆರಳು ಮಡಿಸುವ ಸ್ನಾಯುಗಳಿಗೆ ಬಿಡಿಸುವ ಸ್ನಾಯುಗಳಿಗಿಂತ ಬಲ ಹೆಚ್ಚು. ಎರಡೂ ಒಮ್ಮೆಲೇ ಬಿಗಿದಾಗ ಮುಷ್ಟಿ ಇನ್ನಷ್ಟು ಗಟ್ಟಿಯಾಗುತ್ತದೆ. ‘ಕರೆಂಟ್ ಹಿಡಿದುಕೊಂಡುಬಿಡ್ತು’ ಎಂದು ಜನ ಹೇಳುವುದು ಇದನ್ನೇ. ಅದಕ್ಕಿಂತ ಹೆಚ್ಚಾದರೆ ಎದೆಯ ಸ್ನಾಯು ಬಿಗಿದು ಉಸಿರು ಕಟ್ಟುತ್ತದೆ. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಹಾದರೆ ಹೃದಯ ಲಯ ತಪ್ಪಿ ಬರೀ ಅದುರತೊಡಗಬಹುದು. ಆಗ ರಕ್ತ ಮುಂದಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಉರಿಯುವ 10 ವಾಟ್‌ನ ಎಲ್‌ಇಡಿ ಬಲ್ಬು ಎಳೆಯುವುದೂ ಹತ್ತಿರ ಹತ್ತಿರ ಇಷ್ಟೇ ಕರೆಂಟು.

ನಿಮ್ಮ ಡ್ರಿಲ್ ಇಷ್ಟು ದಿನ ಜುಮ್ಮೆನ್ನಿಸಿ ಬಿಟ್ಟಿದೆ ಎಂದರೆ ಅದರೊಳಗಿನ ಕರೆಂಟು ಕಡಿಮೆ ಎಂದಲ್ಲ, ನಿಮ್ಮ ಕೈ ಒಣಗಿತ್ತು, ಕಾಲಲ್ಲಿ ಚಪ್ಪಲಿಯಿತ್ತು ಎಂದಷ್ಟೇ ಅರ್ಥ. ಕೆಲಸ ಮಾಡಿ ದಡ್ಡುಗಟ್ಟಿದ ಒಣಗೈ ಹತ್ತಾರು ಸಾವಿರ ಓಮ್ ತಡೆ ಒಡ್ಡಬಲ್ಲದು. ಬೆವರಿನಲ್ಲೋ ಕೂಲೆಂಟ್ ನೀರಿನಲ್ಲೋ ನೆನೆದ ಕೈಯ ತಡೆ ಸುಮಾರು 1,000 ಓಮ್‌ಗೆ ಇಳಿಯುತ್ತದೆ. 230 ವೋಲ್ಟನ್ನು ಅದರಿಂದ ಭಾಗಿಸಿ ನೋಡಿ: 230 ಮಿಲಿಆಂಪಿಯರ್. ಮಷಿನ್ ಅದೇ, ಆಳು ಅದೇ, ನೆಲ ಒದ್ದೆಯಾದ ದಿನ ಮಾತ್ರ ಬೇರೆ. ಒಂದು ಕೈಯಲ್ಲಿ ಡ್ರಿಲ್ಲಿನ ಹಿಡಿ, ಇನ್ನೊಂದರಲ್ಲಿ ನೆಲಕ್ಕೆ ತಾಗಿದ ಕಬ್ಬಿಣದ ಬೆಂಚು ಇದ್ದರಂತೂ ಕರೆಂಟು ಹೋಗುವ ದಾರಿಯಲ್ಲಿ ಎದೆಯೇ ಸಿಗುತ್ತದೆ.

ನಾನು ಎಲೆಕ್ಟ್ರಿಷಿಯನ್ ಅಲ್ಲ. ಆದರೆ ಶಾಕ್ ಹೊಡೆಸಿಕೊಂಡು ಬಂದವರನ್ನು ಕೇಳುತ್ತಾ ಕೇಳುತ್ತಾ ಕಾರಣಗಳು ಬಾಯಿಪಾಠವಾಗಿವೆ. ಮೋಟರಿನ ವೈಂಡಿಂಗ್‌ಗೆ ತೇವ ಹಿಡಿದಿರುತ್ತದೆ. ಕಾರ್ಬನ್ ಬ್ರಷ್ಷಿನ ಪುಡಿ, ಲೋಹದ ಪುಡಿ ಒಳಗೆ ಕೂತು ಕರೆಂಟಿಗೆ ದಾರಿ ಮಾಡಿಕೊಟ್ಟಿರುತ್ತದೆ. ವೈರು ಮಷಿನ್ನಿನೊಳಗೆ ಹೋಗುವ ಜಾಗದಲ್ಲಿ ಸವೆದಿರುತ್ತದೆ. ಇಷ್ಟೆಲ್ಲ ಆದರೂ ಅರ್ಥಿಂಗ್ ಸರಿಯಿದ್ದರೆ ಸೋರುವ ಕರೆಂಟು ನೆಲಕ್ಕೆ ಹೋಗಬೇಕಿತ್ತು, ಜೋರಾಗಿ ಸೋರಿದರೆ ಫ್ಯೂಸ್ ಹೋಗಿ ಸುದ್ದಿ ಗೊತ್ತಾಗಬೇಕಿತ್ತು. ನಮ್ಮಲ್ಲಿ ಆಗುವುದೇನು? ತ್ರೀ ಪಿನ್‌ನ ದಪ್ಪ ಪಿನ್ನು ಮುರಿದು ಎಸೆದಿರುತ್ತಾರೆ, ಇಲ್ಲವೇ ಪಿನ್ನೇ ಇಲ್ಲದೆ ಎರಡು ವೈರನ್ನು ಬೆಂಕಿಕಡ್ಡಿ ಹಾಕಿ ಸಾಕೆಟ್ಟಿಗೆ ತುರುಕಿರುತ್ತಾರೆ. ಇನ್ನೂ ಕೆಲವು ಕಡೆ ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲನ್ನೇ ಅರ್ಥಿಗೆ ಸೇರಿಸಿರುತ್ತಾರೆ. ನ್ಯೂಟ್ರಲ್ ವೈರು ಎಲ್ಲಾದರೂ ಕಡಿದರೆ ಮಷಿನ್ನಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ.

‘ಎಂಸಿಬಿ ಇದೆಯಲ್ಲ ಸಾರ್’ ಎನ್ನುತ್ತಾರೆ. 16 ಆಂಪಿಯರ್‌ನ ಎಂಸಿಬಿ ಎಂದರೆ 16,000 ಮಿಲಿಆಂಪಿಯರ್. ಮನುಷ್ಯನನ್ನು ಕೊಲ್ಲುವ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದು ಕಾಯುವುದು ವೈರನ್ನು.

ಇವತ್ತೇ ಆ ಡ್ರಿಲ್ಲಿನ ಪ್ಲಗ್ ಕಿತ್ತು, ‘ಮುಟ್ಟಬೇಡಿ’ ಎಂದು ಬರೆದು ನೇತುಹಾಕಿ. ‘ಚಪ್ಪಲಿ ಹಾಕ್ಕೊಂಡು ಮುಟ್ಟಪ್ಪ’ ಎನ್ನುವ ಮಾಲೀಕರಿಗೆ ಈ ಪುಟ ತೋರಿಸಿ. ಎಲೆಕ್ಟ್ರಿಷಿಯನ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ವೈಂಡಿಂಗ್ ನೋಡಲಿ, ಅರ್ಥ್ ಪಿಟ್ಟಿಗೆ ನೀರು ಬಿದ್ದು ಎಷ್ಟು ಕಾಲವಾಯಿತು ಎಂದೂ ವಿಚಾರಿಸಲಿ.

ಪ್ರಶ್ನೆ: ನಮ್ಮ ಯಜಮಾನರು ಗೇಟ್, ಗ್ರಿಲ್ ಮಾಡುತ್ತಾರೆ. ಮೊನ್ನೆ ಕಟಿಂಗ್ ಮಷಿನ್ ಕೈಗೇ ಹಿಡಿದುಕೊಂಡುಬಿಟ್ಟಿತಂತೆ. ಹುಡುಗ ಓಡಿಬಂದು ಮೇನ್ ಆಫ್ ಮಾಡಿದ. ಅಂಗೈಯಲ್ಲಿ ಕಡಲೆಕಾಳಿನಷ್ಟು ಸುಟ್ಟ ಗಾಯ, ನೋವೂ ಇಲ್ಲ. ಆದರೆ ಬಲಗೈ ಎತ್ತಲು ಬರುತ್ತಿಲ್ಲ, ಮೂತ್ರ ಕೆಂಪಗಾಗಿದೆ. ‘ಉಷ್ಣ ಆಗಿದೆ, ಎಳನೀರು ಕುಡಿದರೆ ಹೋಗುತ್ತೆ’ ಎನ್ನುತ್ತಿದ್ದಾರೆ.
– ಹುಬ್ಬಳ್ಳಿ

ಉತ್ತರ: ತಾಯಿ, ನಿಮಗೆ ಫೋನಿನಲ್ಲೇ ಉತ್ತರ ಹೇಳಿ ಆಸ್ಪತ್ರೆಗೆ ಕಳಿಸಿದ್ದಾಗಿದೆ. ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕರೆಂಟಿನ ಗಾಯದಲ್ಲಿ ಹೊರಗೆ ಕಾಣುವುದಕ್ಕೂ ಒಳಗೆ ಆದದ್ದಕ್ಕೂ ತಾಳೆಯಾಗಬೇಕಿಲ್ಲ. ಹೋಗುವಾಗ ಒಂದು ಚಿಕ್ಕ ಗುರುತು, ಹೊರಬರುವಾಗ ಇನ್ನೊಂದು. ನಡುವೆ ಸ್ನಾಯು, ನರ, ರಕ್ತನಾಳಗಳು ಬೆಂದಿರಬಹುದು. ಗಾಯ ಬೂದುಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ನೋವೇ ಇಲ್ಲದಿದ್ದರೆ ಖುಷಿಪಡಬೇಡಿ. ನೋವು ಹೇಳುವ ನರವೇ ಸುಟ್ಟುಹೋಗಿದೆ ಎಂದರ್ಥ.

ಮೂತ್ರದ ಬಣ್ಣ ಕೆಂಪು ಅಥವಾ ಕಾಫಿ ಡಿಕಾಕ್ಷನ್ನಿನಂತೆ ಆದರೆ ಅದು ಉಷ್ಣವಲ್ಲ. ಹಾಳಾದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಬಂದಿದೆ. ತಡಮಾಡಿದರೆ ಕಿಡ್ನಿ ಕೈಕೊಡುತ್ತದೆ. ಆಸ್ಪತ್ರೆಯಲ್ಲಿ ಸಿಪಿಕೆ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿ ಡ್ರಿಪ್ ಹಾಕುತ್ತಾರೆ. ಇಂಥ ಹೊತ್ತಿನಲ್ಲಿ ಎಳನೀರು ಬೇಡವೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಹಾಳಾದ ಸ್ನಾಯುವೂ ರಕ್ತಕ್ಕೆ ಅದನ್ನೇ ಸುರಿಯುತ್ತಿರುತ್ತದೆ.

ಭುಜದ ವಿಷಯ ಹಲವು ಸಲ ತಪ್ಪಿಹೋಗುತ್ತದೆ. ಶಾಕ್ ಹೊಡೆದಾಗ ಸ್ನಾಯುಗಳು ಬಿಗಿಯುವ ಹೊಡೆತಕ್ಕೆ, ಬೀಳದೆಯೇ, ಭುಜದ ಕೀಲು ಹಿಂದಕ್ಕೆ ಜಾರಬಲ್ಲದು. ಮುಂದಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಅದು ಸರಿಯಾಗಿಯೇ ಇರುವಂತೆ ಕಾಣುತ್ತದೆ. ತೋಳನ್ನು ಹೊರಕ್ಕೆ ತಿರುಗಿಸಲು ಬಾರದಿದ್ದರೆ ‘ಪಕ್ಕದಿಂದಲೂ ಒಂದು ಎಕ್ಸ್‌ರೇ ತೆಗೆಯುತ್ತೀರಾ’ ಎಂದು ಸಂಕೋಚವಿಲ್ಲದೆ ಕೇಳಿ.

ಹಾಗಾದರೆ ಯಾರು ಆಸ್ಪತ್ರೆಗೆ ಹೋಗಲೇಬೇಕು? ಕೈ ಹಿಡಿದುಕೊಂಡವರು, ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದವರು, ಎಸೆಯಲ್ಪಟ್ಟು ಬಿದ್ದವರು, ಎದೆನೋವು ಅಥವಾ ಎದೆಬಡಿತ ಇರುವವರು, ಸುಟ್ಟ ಗುರುತು ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು. ಅವರಿಗೆ ಇಸಿಜಿ ಆಗಬೇಕು. ಅದರಲ್ಲಿ ವ್ಯತ್ಯಾಸ ಕಂಡರೆ ಒಂದು ದಿನ ಮಾನಿಟರ್ ಹಾಕಿ ನೋಡುತ್ತಾರೆ. 230 ವೋಲ್ಟಿನ ಶಾಕ್ ಹೊಡೆದು ತಕ್ಷಣ ಬಿಟ್ಟು, ಯಾವ ತೊಂದರೆಯೂ ಇಲ್ಲದೆ, ಇಸಿಜಿಯೂ ಸರಿಯಿದ್ದರೆ ಮನೆಗೆ ಕಳಿಸುತ್ತೇವೆ. ‘ರಾತ್ರಿ ಮಲಗಿದಲ್ಲೇ ಹೋಗಿಬಿಡುತ್ತಾರೆ’ ಎಂಬ ಭಯ ಅಂಥವರಿಗೆ ಬೇಡ.

ಸುಟ್ಟ ಜಾಗಕ್ಕೆ, ಮೇನ್ ಆಫ್ ಆದ ಮೇಲೆ, ನಲ್ಲಿ ನೀರು ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್, ಕಾಫಿಪುಡಿ, ಇಂಕು ಯಾವುದೂ ಬೇಡ. ಧನುರ್ವಾಯು ಚುಚ್ಚುಮದ್ದು ಹಾಕಿಸಿ. ಇಎಸ್‌ಐ ಇದ್ದವರು ಅಪಘಾತವನ್ನು ರಿಜಿಸ್ಟರಿನಲ್ಲಿ ಅದೇ ದಿನ ಬರೆಸಿ. ಎಷ್ಟೋ ಜನ ಗಾಯ ಚಿಕ್ಕದೆಂದು ಬಿಟ್ಟು ಆಮೇಲೆ ಅಲೆದಾಡುತ್ತಾರೆ.

ಪ್ರಶ್ನೆ: ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಹೂತರೆ ಮೈಯೊಳಗಿನ ಕರೆಂಟ್ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?
– ಹಾವೇರಿ

ಉತ್ತರ: ಸುಳ್ಳು. ಸ್ವಿಚ್ ಆಫ್ ಆದ ಕ್ಷಣದಿಂದ ಮೈಯಲ್ಲಿ ಕರೆಂಟ್ ಇರುವುದಿಲ್ಲ. ಧೈರ್ಯವಾಗಿ ಮುಟ್ಟಬಹುದು, ಮುಟ್ಟಲೇಬೇಕು.

ಮೊದಲು ಮೇನ್ ಆಫ್ ಮಾಡಿ ಅಥವಾ ಪ್ಲಗ್ ಕೀಳಿ. ಎರಡೂ ಆಗದಿದ್ದರೆ ಒಣ ರಬ್ಬರ್ ಮ್ಯಾಟ್ ಅಥವಾ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ತಳ್ಳಿ. ಇದು ವರ್ಕ್‌ಶಾಪಿನ ಸಾಧಾರಣ ಲೈನಿನ ಮಾತು. ಕಂಬದಿಂದ ಬಿದ್ದ ಹೈಟೆನ್ಷನ್ ವೈರಾದರೆ ಹತ್ತಿರವೂ ಹೋಗಬೇಡಿ. ಕರೆಂಟು ತಪ್ಪಿದ ಮೇಲೆ ಭುಜ ತಟ್ಟಿ ಕರೆಯಿರಿ. ಉತ್ತರವಿಲ್ಲ, ಉಸಿರಿಲ್ಲ ಎಂದರೆ, ಅಥವಾ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿದ್ದರೆ, ಅದು ಹೃದಯ ನಿಂತ ಲಕ್ಷಣ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಒಳಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸುಸ್ತಾದರೆ ಆಳು ಬದಲಾಗಲಿ, ಒತ್ತುವುದು ನಿಲ್ಲದಿರಲಿ. ಶಾಕ್ ಹೊಡೆಸಿಕೊಳ್ಳುವವರಲ್ಲಿ ಹೆಚ್ಚಿನವರು ವಯಸ್ಸಿನ ಹುಡುಗರು, ಹೃದಯ ಗಟ್ಟಿಯಾಗಿಯೇ ಇರುತ್ತದೆ. ಅಂಥವರಲ್ಲಿ ಬೇಗ ಕೈಚೆಲ್ಲಬಾರದು. ಗುಂಡಿ ತೋಡಲು ಕಳೆದ ಹತ್ತು ನಿಮಿಷದಲ್ಲಿ ಮಿದುಳು ಸತ್ತಿರುತ್ತದೆ.

ಪ್ರಶ್ನೆ: ನಾನು ಚನ್ನಪಟ್ಟಣದಲ್ಲಿ ಬೊಂಬೆ ಲೇತ್‌ನಲ್ಲಿ ಅರಗು ಹಚ್ಚುವ ಕೆಲಸ ಮಾಡುತ್ತೇನೆ. ಆರು ತಿಂಗಳ ಬಸುರಿ. ನಿನ್ನೆ ಮೋಟರ್ ಸ್ವಿಚ್ಚಿನಿಂದ ಶಾಕ್ ಹೊಡೆಯಿತು. ನನಗೇನೂ ಆಗಿಲ್ಲ. ಮಗುವಿಗೆ?

ಉತ್ತರ: ಇಂಥ ಶಾಕ್ ಆದ ಬಹುತೇಕ ಬಸುರಿಯರಿಗೆ ಮಗು ಚೆನ್ನಾಗಿಯೇ ಹುಟ್ಟುತ್ತದೆ. ಆದರೂ ತಾಯಿಗೆ ಏನೂ ಆಗಿಲ್ಲ ಎಂಬುದು ಮಗುವಿನ ಬಗ್ಗೆ ಖಾತರಿಯಲ್ಲ. ಕೈಯಿಂದ ಕಾಲಿಗೆ ಹಾದ ಕರೆಂಟು ಗರ್ಭಕೋಶವನ್ನು ದಾಟಿ ಹೋಗಿರುತ್ತದೆ. ಐದು ತಿಂಗಳು ದಾಟಿದವರು ಅದೇ ದಿನ ಹೆರಿಗೆ ಆಸ್ಪತ್ರೆಗೆ ಹೋಗಿ ಮಗುವಿನ ಎದೆಬಡಿತ ನೋಡಿಸಬೇಕು. ನೀವು ಇವತ್ತೇ ಹೋಗಿ. ಮಗುವಿನ ಓಡಾಟ ಕಡಿಮೆಯಾದರೆ, ಹೊಟ್ಟೆ ಬಿಗಿದರೆ, ನೀರು ಅಥವಾ ರಕ್ತ ಹೋದರೆ ಮತ್ತೆ ತಕ್ಷಣ ಹೋಗಬೇಕು.

ಪ್ರಶ್ನೆ: ಮಲ್ಪೆಯಲ್ಲಿ ಸ್ಟೀಲ್ ಬೋಟುಗಳ ವೆಲ್ಡಿಂಗ್ ಮಾಡುತ್ತೇನೆ. ರಾಡ್ ಬದಲಿಸುವಾಗ ಶಾಕ್ ಹೊಡೆಯುತ್ತದೆ. ವೆಲ್ಡಿಂಗ್ ಕರೆಂಟಿನಲ್ಲಿ ವೋಲ್ಟೇಜ್ ಕಡಿಮೆ, ಏನಾಗುವುದಿಲ್ಲ ಎನ್ನುತ್ತಾರೆ. ಹೌದೇ?

ಉತ್ತರ: ರಾಡ್ ತಾಗಿಸದೆ ಇರುವಾಗ ಹೋಲ್ಡರಿನಲ್ಲಿ 80 ವೋಲ್ಟಿನವರೆಗೆ ಇರುತ್ತದೆ. ಒಣಗಿದ ಶೆಡ್ಡಿನಲ್ಲಿ ಅದು ಜುಮ್ಮೆನ್ನಿಸೀತು. ಬೋಟಿನ ಹೊಟ್ಟೆಯೊಳಗೆ, ಬೆವರಿನಲ್ಲಿ ಅಂಗಿ ತೊಯ್ದು, ಉಪ್ಪುನೀರಿನ ಕಬ್ಬಿಣಕ್ಕೆ ಬೆನ್ನು ಆನಿಸಿ ಕೂತವನಿಗೆ 80 ವೋಲ್ಟ್ ಎಂದರೆ 80 ಮಿಲಿಆಂಪಿಯರ್. ಮೇಲೆ ಬರೆದ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಸುತ್ತಲೂ ಕಬ್ಬಿಣವೇ ಇರುವುದರಿಂದ ಹಿಂದೆ ಸರಿಯಲೂ ಜಾಗವಿಲ್ಲ. ನಮ್ಮಲ್ಲಿ ಬಳಸುವ ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್ಟುಗಳು ಎರಡು ಫೇಸಿನ ಮೇಲೆ ಓಡುವಂಥವು. ಒಳಬರುವ ವೈರಿನಲ್ಲಿ 400 ವೋಲ್ಟಿಗೂ ಹೆಚ್ಚು ಇರುತ್ತದೆ ಎಂಬುದನ್ನೂ ಮರೆಯಬೇಡಿ.

ಒಣ ಚರ್ಮದ ಗ್ಲೌಸ್ ಎರಡು ಜತೆ ಇಟ್ಟುಕೊಳ್ಳಿ, ಒಂದು ತೊಯ್ದಾಗ ಇನ್ನೊಂದು. ಕೂರಲು ಒಣ ಪ್ಲೈವುಡ್ ತುಂಡು. ಬರಿಗೈಯಲ್ಲಿ ರಾಡ್ ಬದಲಿಸಬೇಡಿ, ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳಲೇಬೇಡಿ. ಒಳಗೆ ಒಬ್ಬರಿದ್ದಾಗ ಹೊರಗೆ ಸ್ವಿಚ್ಚಿನ ಹತ್ತಿರ ಇನ್ನೊಬ್ಬರು ಇರಲೇಬೇಕು.

ಪ್ರಶ್ನೆ: ಗ್ರೈಂಡಿಂಗ್ ಮಷಿನ್‌ನಲ್ಲಿ ಶಾಕ್ ಹೊಡೆದು ಮೂರು ತಿಂಗಳಾಯಿತು. ಗಾಯ ವಾಸಿಯಾಗಿದೆ. ಆದರೆ ಬೆರಳು ಜೋಮು ಹಿಡಿದಂತಿರುತ್ತದೆ, ನಿದ್ದೆಯಿಲ್ಲ, ಸ್ವಿಚ್ ಹಾಕಲು ಕೈ ನಡುಗುತ್ತದೆ. ಎಲ್ಲರೂ ‘ಹೆದರಿಕೊಂಡಿದ್ದಾನೆ’ ಎಂದು ನಗುತ್ತಾರೆ.
– ಬೆಳಗಾವಿ

ಉತ್ತರ: ನಗುವವರು ನಗಲಿ. ನರಕ್ಕೆ ಆದ ಪೆಟ್ಟು ವಾರಗಳು, ತಿಂಗಳುಗಳ ನಂತರ ತಲೆಯೆತ್ತುವುದುಂಟು. ನರರೋಗ ತಜ್ಞರು ನರಗಳ ವೇಗ ಅಳೆಯುವ ಪರೀಕ್ಷೆ ಮಾಡುತ್ತಾರೆ. ನಿದ್ದೆ ಹಾರುವುದು, ಮರೆವು, ಮಷಿನ್ ಕಂಡರೆ ಬೆವರುವುದು ಇವೂ ಶಾಕಿನ ನಂತರ ಬರುವ ಕಾಯಿಲೆಯೇ. ಮನೋವೈದ್ಯರ ಬಳಿ ಇದಕ್ಕೆ ಚಿಕಿತ್ಸೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲೂ ಸಿಗುತ್ತದೆ. ಜೋರು ಶಾಕ್ ತಲೆ, ಕುತ್ತಿಗೆಗೆ ಹೊಡೆದವರು ಕಣ್ಣಿನ ಪೊರೆ ಬಂದಿದೆಯೇ ಎಂದು ಒಂದೆರಡು ವರ್ಷ ನೋಡಿಸುತ್ತಿರಬೇಕು.

ಪ್ರಶ್ನೆ: ನಾನು ವರ್ಕ್‌ಶಾಪ್ ಮಾಲೀಕ. ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿದ್ದೇನೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಟ್ರಿಪ್ ಆಗುತ್ತದೆ. ಎಲೆಕ್ಟ್ರಿಷಿಯನ್ ಬೈಪಾಸ್ ಮಾಡೋಣ ಎನ್ನುತ್ತಾನೆ.
– ಶಿವಮೊಗ್ಗ

ಉತ್ತರ: ಎಲೆಕ್ಟ್ರಿಷಿಯನ್ನನ್ನು ಬದಲಾಯಿಸಿ. ಅದು ಟ್ರಿಪ್ ಆಗುತ್ತಿದೆ ಎಂದರೆ ಎಲ್ಲೋ ಕರೆಂಟು ಸೋರುತ್ತಿದೆ. ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ ನೋಡಿ, ಯಾವುದರಲ್ಲಿ ಬೀಳುತ್ತದೋ ಅದು ರಿಪೇರಿಗೆ ಹೋಗಲಿ. ಆರ್‌ಸಿಸಿಬಿ ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿದೆಯೇ ನೋಡಿಕೊಳ್ಳಿ. 100, 300ರವು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. 30ರದ್ದು ಹೆಚ್ಚೆಂದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ ಕರೆಂಟ್ ಕಡಿಯುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಅದೂ ಕಾಪಾಡಲಾರದು. ಅದರ ಮೇಲೊಂದು ಚಿಕ್ಕ ಟೆಸ್ಟ್ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಹೊಸದು ಬರುವವರೆಗೆ ಶೆಡ್ಡಿನ ಮೇನ್ ಹಾಕಬೇಡಿ.